ನ್ಯೂಟ್ರಲ್‌ನಲ್ಲಿ ಡೀಸೆಲ್ ಉಳಿಯಲ್ಲ

ಬಸ್ ಡ್ರೈವರ್‌ಗಳಿಗೂ ನಮ್ಮ ಹಾಗೇ ಮಾರ್ಕ್ಸ್ ಇದೆ. ಹೆಸರು ಕೆಎಂಪಿಎಲ್: ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್. ಪ್ರಾಜೆಕ್ಟ್‌ಗೆಂದು ನಾವು ನಾಲ್ವರು ಡಿಪೋಗೆ ಹೋದಾಗ ಒಬ್ಬ ಡ್ರೈವರಣ್ಣ ಕೇಳಿದ್ರು, "ಶಿರಾಡಿ ಘಾಟಿ ಹತ್ತೋನಿಗೂ ದಾವಣಗೆರೆ ಬಯಲಲ್ಲಿ ಓಡ್ಸೋನಿಗೂ ಒಂದೇ ಲೆಕ್ಕ ಅಂದ್ರೆ ಹೆಂಗ್ರಪ್ಪಾ?" ನ್ಯಾಯವಾದ ಮಾತೇ.

ನಂಬರ್ ಏರಿಸೋಕೆ ಕೆಲವರು ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ತಾರಂತೆ. ಆಗಲೂ ಎಂಜಿನ್ ಐಡ್ಲಿಂಗ್‌ಗೆ ಡೀಸೆಲ್ ಕುಡೀತಾನೇ ಇರುತ್ತೆ. ಬಿಎಸ್-6 ಬಸ್ಸನ್ನ ಗೇರ್‌ನಲ್ಲೇ ಬಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಇಸಿಯು ಡೀಸೆಲ್ ನಿಲ್ಲಿಸುತ್ತೆ. ಎಂಜಿನ್ ಬ್ರೇಕಿಂಗ್ ಬೇರೆ ಸಿಗುತ್ತೆ. ನ್ಯೂಟ್ರಲ್‌ನಲ್ಲಾದರೆ ಅಷ್ಟೂ ಭಾರ ಬ್ರೇಕ್ ಮೇಲೆ. ಅದು ಕಾದು ಹಿಡಿತ ಬಿಟ್ಟರೆ ಹಿಂದೆ 50 ಜನ ಕೂತಿರ್ತಾರೆ!

"ಬೋರ್ಡಲ್ಲಿ ನಂಬರ್ ಬರೀತಾರೆ, ಇದನ್ನ ಯಾರೂ ಹೇಳಿಲ್ವಲ್ಲ" ಅಂದ್ರು ಅಣ್ಣ. ಈಗ ನಮ್ಮ ಸರ್ಕ್ಯೂಟ್ ಇಳಿಜಾರಿನ ನ್ಯೂಟ್ರಲ್ ಸೆಕೆಂಡುಗಳನ್ನೂ ಎಣಿಸುತ್ತೆ.