ಗೊತ್ತಿದ್ದವರ ಚಟ

2002ರಲ್ಲಿ ಗೂಗಲ್ ಒಂದು ವಿಚಿತ್ರ ಅಂಗಡಿ ತೆರೆಯಿತು. ಹೆಸರು ಗೂಗಲ್ ಆನ್ಸರ್ಸ್. ನಮಗೆ ಗೊತ್ತಿಲ್ಲದ್ದನ್ನು ಬರೆದು, 2ರಿಂದ 200 ಡಾಲರಿನೊಳಗೆ ಬೆಲೆಯನ್ನೂ ನಾವೇ ಹೇಳಬೇಕು. ಗೂಗಲ್ ಆರಿಸಿಟ್ಟ ಸಂಶೋಧಕರಲ್ಲೊಬ್ಬರು ಹುಡುಕಿಕೊಟ್ಟರೆ ಮುಕ್ಕಾಲು ಪಾಲು ಅವರಿಗೆ, ಕಾಲು ಪಾಲು ಅಂಗಡಿಗೆ. ಕಾಸು ಬಿಚ್ಚಿದರೆ ಒಳ್ಳೆಯ ಉತ್ತರ ತಾನಾಗಿ ಎದ್ದು ಬರುತ್ತದೆ ಎಂಬ ಲೆಕ್ಕ.

ಆಗ ನಾನು ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಿಷ್ಟೆಂದು ಕೊಟ್ಟು, ಇ-ಮೇಲ್ ನೋಡುವ ನೆಪದಲ್ಲಿ ಕಂಡವರ ಪ್ರಶ್ನೆಗಳನ್ನು ಓದುತ್ತಿದ್ದೆ. ನನ್ನ ಬಳಿ ಡಾಲರೂ ಇರಲಿಲ್ಲ, ಡಾಲರು ಬಾಳುವಂಥ ಪ್ರಶ್ನೆಯೂ ಇರಲಿಲ್ಲ. ಅಂಕಿಅಂಶ ಕೇಳುವ ವ್ಯಾಪಾರಸ್ಥರನ್ನು ದಾಟಿದರೆ ಸಿಗುತ್ತಿದ್ದವರೇ ಬೇರೆ. ಚಿಕ್ಕಂದಿನಲ್ಲಿ ಓದಿ ಹೆಸರು ಮರೆತ ಕಥೆಪುಸ್ತಕವನ್ನು ಹುಡುಕುವವರು. ಹಾಡಿನ ಅರ್ಧ ಸಾಲು ಹಿಡಿದು ಉಳಿದರ್ಧಕ್ಕೆ ಪರದಾಡುವವರು. ಪಾಪ, ಇಂಥದ್ದಕ್ಕೆ ಎಷ್ಟೆಂದು ಬೆಲೆ ಕಟ್ಟುವುದು? ಐದು ಡಾಲರೆಂದರೆ ತಮಗೇ ಸಂಕೋಚ, ಐವತ್ತೆಂದರೆ ಮನೆಯಲ್ಲಿ ಹೇಳುವಂತಿಲ್ಲ.

ಪ್ರಶ್ನೆಯ ಕೆಳಗೆ ಯಾರು ಬೇಕಾದರೂ ಪುಕ್ಕಟೆಯಾಗಿ ಟಿಪ್ಪಣಿ ಬರೆಯಬಹುದಿತ್ತು. ಸಂಭಾವನೆಯ ಸಂಶೋಧಕರು ಇನ್ನೂ ತಡಕಾಡುತ್ತಿರುವಾಗಲೇ ದಾರಿಹೋಕನೊಬ್ಬ ‘ಅದು ಈ ಪುಸ್ತಕವೇ ಇರಬೇಕು ನೋಡಿ’ ಎಂದು ಗೀಚಿ ನಡೆದುಬಿಡುತ್ತಿದ್ದ. ಅವನಿಗೆ ಚಿಕ್ಕಾಸೂ ಇಲ್ಲ. ಗೊತ್ತಿದ್ದೂ ಸುಮ್ಮನಿರಲಾಗದ ಚಟ, ಅಷ್ಟೆ. ನಮ್ಮ ಸೋದರಮಾವನಿಗೂ ಅದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಇನ್ಯಾರನ್ನೋ ವಿಳಾಸ ಕೇಳಿದರೆ ಉತ್ತರ ಇವರದು. ಮನೆಯ ಬಾಗಿಲವರೆಗೂ ಬಿಟ್ಟು ಬರುವಷ್ಟರಲ್ಲಿ ಇವರ ಬಸ್ಸು ಹೊರಟುಹೋಗಿರುತ್ತಿತ್ತು. ಅತ್ತೆ ಇದನ್ನು ಪರೋಪಕಾರವೆಂದು ಕರೆದದ್ದನ್ನು ನಾನು ಕೇಳಿಲ್ಲ.

2006ರ ಕೊನೆಗೆ ಅಂಗಡಿ ಹೊಸ ಪ್ರಶ್ನೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಹತ್ತು ವರ್ಷಕ್ಕೆ ಸ್ಟೀಮಿಟ್ ಎಂಬ ಜಾಲತಾಣ ಬಂತು. ಬರೆದವರಿಗೆ ಕ್ರಿಪ್ಟೊ ಹಣ, ಒಳ್ಳೆಯ ಬರಹವನ್ನು ಬೇಗ ಗುರುತಿಸಿ ಮತ ಹಾಕಿದವರಿಗೂ ಅದರಲ್ಲೊಂದು ಪಾಲು. ಓದಿದ್ದಕ್ಕೆ ಕೂಲಿ! ನನ್ನಂಥ ಸೋಮಾರಿಯ ಕಿವಿ ನೆಟ್ಟಗಾಗದೆ ಇರುತ್ತದೆಯೇ? ಆದರೆ ಬೇಗ ಮೆಚ್ಚಬೇಕೆಂದ ಮೇಲೆ ಓದುತ್ತಾ ಕೂರಲು ಪುರುಸೊತ್ತೆಲ್ಲಿ? ಜನ ಬಾಟ್‌ಗಳನ್ನು ಕೂರಿಸಿದರು. ಅವು ಒಂದಕ್ಷರ ಓದದೆ ಮೆಚ್ಚಿದವು. ಆಮೇಲೆ ಮತಗಳೇ ಮಾರಾಟಕ್ಕೆ ಬಂದವು. ಕೆಟ್ಟದ್ದನ್ನು ಬೈಯುವ ಓದುಗನಾದರೂ ಓದಿರುತ್ತಾನೆ ಎಂಬ ನನ್ನ ಹಳೆಯ ಸಮಾಧಾನಕ್ಕೆ ಅಲ್ಲಿ ಜಾಗವಿರಲಿಲ್ಲ.

ಆನ್ಸರ್ಸ್‌ನಲ್ಲಿ ಸಂಶೋಧಕರಿಗೆ ನಕ್ಷತ್ರ ಕೊಡಬಹುದಿತ್ತು, ಮೇಲೆ ಬಕ್ಷೀಸನ್ನೂ ಕೊಡಬಹುದಿತ್ತು. ದಾರಿಹೋಕನಿಗೆ ಏನಾದರೂ ಕೊಡೋಣವೆಂದರೆ ಅಂಗಡಿಯಲ್ಲಿ ಅದಕ್ಕೊಂದು ಕಿಂಡಿಯೇ ಇರಲಿಲ್ಲ. ಬರೀ ‘ಥ್ಯಾಂಕ್ಸ್’ ಎಂದು ಬರೆಯಬೇಕು. ಅದನ್ನು ಓದಲು ಅವನು ಮತ್ತೆ ಆ ಕಡೆ ಬರಬೇಕಲ್ಲ.