ತಂಗಿಯ ಮಂಡಿ ಚಿಪ್ಪು, ಅವ್ವನ ಗುಟ್ಟು

ತಂಗಿ ಆಗ ಒಂಬತ್ತನೇ ಕ್ಲಾಸು. ತಾಲ್ಲೂಕು ಮಟ್ಟದ ಖೋಖೋಗೆ ನಾಲ್ಕು ದಿನ ಬಾಕಿ ಇತ್ತು. ಶಾಲೆ ಮೈದಾನದಲ್ಲಿ ಓಡುತ್ತಾ ಗಕ್ಕನೆ ತಿರುಗಿದವಳು ಕುಸಿದು ಕೂತಳು. ಯಾರೂ ತಳ್ಳಿರಲಿಲ್ಲ. ಮಂಡಿ ಚಿಪ್ಪು ಹೊರಮಗ್ಗುಲಿಗೆ ಜಾರಿತ್ತು. ಕಾಲು ನೀಡಿದಾಗ ತಾನೇ ಒಳಗೆ ಬಂತು. 'ಉಳುಕು' ಅಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿದೆವು.

ಎರಡು ತಿಂಗಳಿಗೆ, ಬಸ್ಸಿಳಿಯುವಾಗ, ಮತ್ತೆ ಜಾರಿತು. ಆಗ ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: "ಮನೇಲಿ ಇನ್ಯಾರಿಗಾದರೂ ಹೀಗಾಗಿತ್ತಾ?"

ಇಲ್ಲ ಅಂದೆ. ಪಕ್ಕದಲ್ಲಿದ್ದ ಅವ್ವ ತಲೆ ತಗ್ಗಿಸಿ ಹೇಳಿದಳು, "ನಂಗಾಗಿತ್ತು. ಮದುವೆಗೆ ಮೊದಲು, ಎರಡು ಸಲ. ಗೊತ್ತಾದರೆ ಗಂಡು ಸಿಗಲ್ಲ ಅಂತ ನಮ್ಮವ್ವ ಬಾಯಿ ಬಿಡಬೇಡ ಅಂದಿದ್ದಳು."

ಡಾಕ್ಟರು ಬೈಯಲಿಲ್ಲ. ಬಿಡಿಸಿ ಹೇಳಿದರು. ತೊಡೆ ಮೂಳೆಯ ತುದಿಯಲ್ಲಿ ಒಂದು ತೋಡು ಇರುತ್ತೆ. ಕಾಲು ಮಡಿಸಿದಾಗ ಚಿಪ್ಪು ಅದರೊಳಗೆ ಜಾರಿ ಓಡಾಡುತ್ತೆ. ಕೆಲವರಿಗೆ ಹುಟ್ಟಿನಿಂದಲೇ ಆ ತೋಡಿನ ಆಳ ಕಮ್ಮಿ. ಕೆಲವರಿಗೆ ಚಿಪ್ಪು ಕೊಂಚ ಮೇಲೆ ಕೂತಿರುತ್ತೆ. ನಿಂತಾಗ ಮಂಡಿಗೆ ಮಂಡಿ ತಾಗುವವರು, ಕೀಲು ಸಡಿಲ ಇದ್ದು ಬೆರಳು ಹಿಂದಕ್ಕೆ ಬಾಗುವವರು, ತೊಡೆಯ ಸ್ನಾಯುಗಳಲ್ಲಿ ಬಲ ಸಾಲದವರು, ಇವರಿಗೆಲ್ಲ ಅಪಾಯ ಹೆಚ್ಚು. ಹದಿಹರೆಯದಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ ಕಾಣುತ್ತೆ. ಖೋಖೋ, ಕಬಡ್ಡಿಯಂಥ ಗಕ್ಕನೆ ತಿರುಗುವ ಆಟದಲ್ಲಿ ಜಾರಬಹುದು. ಒಮ್ಮೆ ಜಾರಿದ ಚಿಪ್ಪು ಮತ್ತೆ ಜಾರುವ ಸಂಭವವೂ ಹೆಚ್ಚು.

ಮಂಡಿ ನೋವು ಅಂದರೆ ವಯಸ್ಸಾದವರದ್ದು ಅಂತಲೇ ನಾನು ತಿಳಿದಿದ್ದೆ. ಅದು ಸವೆತ, ಇದು ಬೇರೆ.

"ಇನ್ನು ಆಟ ಬಿಡಿಸಿಬಿಡಲಾ?" ಅಂತ ಅವ್ವ ಕೇಳಿದಳು. "ಮೊದಲು ತೊಡೆ ಗಟ್ಟಿ ಮಾಡೋಣ, ಆಮೇಲೆ ನೋಡೋಣ" ಅಂದರು ಡಾಕ್ಟರು. ಫಿಸಿಯೋಥೆರಪಿಯವರು ಕಲಿಸಿದ ಹಾಗೆ ತಂಗಿ ದಿನಾ ಜಗಲಿ ಮೇಲೆ ಮಲಗಿ, ಕಾಲು ನೇರ ಮಾಡಿ ಒಂದು ಗೇಣು ಎತ್ತಿ ಹಿಡಿಯುತ್ತಿದ್ದಳು. ಅವ್ವ ಪಕ್ಕದಲ್ಲಿ ಕೂತು ಹತ್ತರವರೆಗೆ ಎಣಿಸುತ್ತಿದ್ದಳು. ಆ ವರ್ಷದ ಪಂದ್ಯ ತಪ್ಪಿತು. ಮುಂದಿನ ವರ್ಷ ಆಡಿದಳು.

ನಿಮ್ಮ ಮನೆಯ ಮಗುವಿಗೆ ಹೀಗಾದರೆ ತಿಕ್ಕಬೇಡಿ. ಚಿಪ್ಪು ಜಾರಿದಲ್ಲೇ ನಿಂತಿದ್ದರೆ ಒತ್ತಿ ಕೂರಿಸಲು ಹೋಗದೆ, ಕಾಲಿನ ಕೆಳಗೆ ದಿಂಬು ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ತಾನೇ ಕೂತರೂ ಒಮ್ಮೆ ತೋರಿಸಿ. ಡಾಕ್ಟರು ಮನೆತನದ ವಿಷಯ ಕೇಳಿದರೆ ಮುಚ್ಚಿಡಬೇಡಿ. ಅವ್ವ ಮೊದಲೇ ಹೇಳಿದ್ದರೆ ನಾವು ಎರಡು ತಿಂಗಳು ಎಣ್ಣೆ ತಿಕ್ಕುತ್ತಾ ಕೂರುತ್ತಿರಲಿಲ್ಲ.