ನಾಗರಕಲ್ಲುಗಳ ನಡುವೆ ವರದಿಗಾರರು

ಹಿಂದೂಪುರದ ಕಡೆ ಹೋಗುವ ರೈಲು ಗೌರಿಬಿದನೂರು ದಾಟಿತೋ ಇಲ್ಲವೋ, ಬೋಗಿಯ ಮಾತೆಲ್ಲ ತೆಲುಗಿಗೆ ಹೊರಳಿತು. ನನ್ನ ಜೊತೆಗಿದ್ದ ಹೈಸ್ಕೂಲು ಮಕ್ಕಳದ್ದೂ ಅದೇ ಮನೆಮಾತು. ಶಾಲೆಯಲ್ಲಿ ಮಾತ್ರ ಕನ್ನಡ. ಪತ್ರಿಕೋದ್ಯಮ ಓದುವ ವಿಶ್ವವಿದ್ಯಾಲಯದ ಹುಡುಗರು ಅವರಿಗೆ ವರದಿ ಬರೆಯುವುದನ್ನು ಕಲಿಸಲು ವಿದುರಾಶ್ವತ್ಥಕ್ಕೆ ಕರೆದೊಯ್ಯುತ್ತಿದ್ದರು. 

ಅಬ್ಬಾ, ಆ ನಾಗರಕಲ್ಲುಗಳು! ಸಾಲು ಸಾಲಾಗಿ, ಒಂದಕ್ಕೊಂದು ಒರಗಿ, ಹೆಡೆಯ ಮೇಲೆ ಅರಿಸಿನ ಕುಂಕುಮ ಗಟ್ಟಿಯಾಗಿ ಕೂತಿದೆ. ಒಂದೊಂದೂ ಯಾವುದೋ ಮನೆಯ ಹರಕೆ. ವಿದುರ ನೆಟ್ಟನೆಂದು ಜನ ನಂಬಿದ್ದ ಹಳೆಯ ಅಶ್ವತ್ಥ 2001ರಲ್ಲಿ ಉರುಳಿತು. ಕಲ್ಲುಗಳು ನಿಂತೇ ಇವೆ.

1938ರ ಏಪ್ರಿಲ್ 25ರಂದು ಇಲ್ಲಿಯೇ, ನಿಷೇಧಾಜ್ಞೆ ಮುರಿದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ ಧ್ವಜ ಹಾರಿಸಲು ಅನುಮತಿ ಸಿಕ್ಕಿತು. ಸತ್ತವರೆಷ್ಟು? ಸರ್ಕಾರ ಹೇಳಿದ್ದು ಕಡಿಮೆ. ಜನ ಹೇಳುವುದು 32.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕದಲ್ಲಿ 32 ಎಂದು ಬರೆದಳು. "ಯಾರು ಹೇಳಿದ್ದು?" ಎಂದ ಕಲಿಸುವ ಹುಡುಗ. ಆಕೆ ಸುಮ್ಮನೆ ಎದ್ದು, ಹೂವು ಮಾರುತ್ತಿದ್ದ ಅಜ್ಜಿಯ ಪಕ್ಕ ಹೋಗಿ ಕುಕ್ಕರುಗಾಲಲ್ಲಿ ಕೂತಳು. "ಅವ್ವಾ, ಮೀ ನಾಯನ ಏಮಿ ಚೆಪ್ತಾ ಉಂಡೆ?" ನಿಮ್ಮಪ್ಪ ಏನು ಹೇಳುತ್ತಿದ್ದರು ಎಂದು ಕೇಳಿದಳು.

ಅಜ್ಜಿ ಸಂಖ್ಯೆ ಹೇಳಲಿಲ್ಲ. ಅಪ್ಪನ ಬಾಯಲ್ಲಿ ಕೇಳಿದ್ದ ಊರುಗಳ ಹೆಸರು ಹೇಳುತ್ತ ಹೋದರು, ಯಾವ ಊರಿಂದ ಬಂದವರು ಮನೆಗೆ ಮರಳಲಿಲ್ಲ ಎಂದು. ಹುಡುಗಿ ತೆಲುಗಿನಲ್ಲಿ ಕೇಳಿಸಿಕೊಂಡು ಕನ್ನಡದಲ್ಲಿ ಬರೆದಳು, ಒಂದು ಕ್ಷಣವೂ ತಡವರಿಸದೆ. ನಾನಂತೂ ಬೆರಗಾಗಿ ನೋಡುತ್ತ ನಿಂತೆ. ರಾಜಧಾನಿಯಿಂದ ಬರುವ ಎಂಥ ನುರಿತ ವರದಿಗಾರನಿಗೂ ಆ ಅಜ್ಜಿ ಅಷ್ಟು ಹೇಳುತ್ತಿರಲಿಲ್ಲ.

ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋಗಿದ್ದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈಗ ವಿಶ್ವವಿದ್ಯಾಲಯದ ಹುಡುಗರೇ ಇಲ್ಲಿಗೆ ಬಂದಿದ್ದಾರೆ. ಹುಡುಗಿ ಬರೆದುಕೊಂಡ ಊರುಗಳನ್ನು ಸಂಜೆ ನಿಲ್ದಾಣದ ಬೆಂಚಿನ ಮೇಲೆ ಮಕ್ಕಳು ಹಂಚಿಕೊಂಡರು: ಯಾವ ಊರಿಗೆ ಯಾರು ಹೋಗುವುದು, ಯಾರ ಮನೆಯಲ್ಲಿ ಕೇಳುವುದು ಎಂದು.